ಗುಳಿಗಿ ತಗಂಡ್ಯಾ ಮಾವ?

ನನ್ನ ಸೋದರಮಾವನದು ಹಗರಿಬೊಮ್ಮನಹಳ್ಳಿ ಕಡೆಯ ಒಂದು ಹಳ್ಳಿ. ಇಪ್ಪತ್ತೆರಡರ ವಯಸ್ಸಲ್ಲಿ ಅವನಿಗೆ ಯಾರೂ ಇಲ್ಲದ ಕಡೆಯಿಂದ ಮಾತು ಕೇಳಿಸೋಕೆ ಶುರುವಾಯ್ತು. ಎರಡು ವರ್ಷ ಗುಡಿ, ತಾಯತ, ಮೈಲಾರದ ಭಂಡಾರ ಎಲ್ಲ ಆಯ್ತು. ಆಮೇಲೆ ಆಸ್ಪತ್ರೆ, ಆಮೇಲೆ ಗುಳಿಗೆ. ಗುಳಿಗೆ ಕೆಲಸ ಮಾಡ್ತು. ಮಾವ ಹೊಲಕ್ಕೆ ಹೋದ, ಎತ್ತು ಕಟ್ಟಿದ, ಕೊಟ್ಟೂರಿನ ತೇರಿಗೆ ಎಲ್ಲರ ಜೊತೆ ನಿಂತು ಬಾಳೆಹಣ್ಣು ಎಸೆದ. ರಜೆಗೆ ಹೋದ ನಮಗೆ ಅಜ್ಜಿ ವಹಿಸುತ್ತಿದ್ದ ಕೆಲಸ ಒಂದೇ. ರಾತ್ರಿ ಊಟ ಆದಮೇಲೆ ಕಟ್ಟೆಗೆ ಹೋಗಿ ಕೇಳೋದು: "ಗುಳಿಗಿ ತಗಂಡ್ಯಾ ಮಾವ?" ಅವನು "ತಗಂಡೆ" ಅಂದರೆ ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಖಿಗೊಂದು ಗೀಟು. ಗುಳಿಗೆ ಬಿಟ್ಟರೆ ಏನಾಗುತ್ತೆ ಅಂತ ಆ ಮನೆ ಒಮ್ಮೆ ನೋಡಿತ್ತು, ಹಾಗಾಗಿ ಆ ಗೀಟು ತಪ್ಪುತ್ತಿರಲಿಲ್ಲ.

ಕೆಲವು ವರ್ಷದ ಹಿಂದೆ ಒಂದು ಬೇಸಿಗೆಯಲ್ಲಿ ಮಾವನ ಹೊಟ್ಟೆ ಉಬ್ಬಿತು. ಮೊದಲ ದಿನ ಗ್ಯಾಸ್ ಅಂದರು. ಎರಡನೇ ದಿನವೂ ಗ್ಯಾಸ್ ಅಂದರು, ಒಂದು ಗುಳಿಗೆ ಕೊಟ್ಟರು. ಮೂರನೇ ದಿನ ವಾಂತಿ, ಹೊಟ್ಟೆ ತಮಟೆಯ ಹಾಗೆ ಬಿಗಿ. ಬಳ್ಳಾರಿಗೆ ಒಯ್ದಾಗ ದೊಡ್ಡಕರುಳಿನ ಒಂದು ಭಾಗ ಉರಿಯೂತವಾಗಿ ಕಪ್ಪಾಗಿತ್ತು. ಕತ್ತರಿಸಿ ತೆಗೆದರು. ಮಾವ ಉಳಿದ. ಆಪರೇಶನ್‌ಗೆ ಮುಂಚೆ ಸರ್ಜನ್ ಕೇಳಿದ ಪ್ರಶ್ನೆ ಮಾತ್ರ ನನಗೆ ಇವತ್ತಿಗೂ ಮರೆತಿಲ್ಲ: "ಎಷ್ಟು ದಿನ ಆಯ್ತು ಇವರು ಹೊರಕಡೆಗೆ ಹೋಗಿ?"

ಯಾರಿಗೂ ಗೊತ್ತಿರಲಿಲ್ಲ. ಇಪ್ಪತ್ತು ವರ್ಷದ ಗುಳಿಗೆಯ ಲೆಕ್ಕ ಗೋಡೆಯ ಮೇಲಿತ್ತು. ಈ ಲೆಕ್ಕ ಎಲ್ಲೂ ಇರಲಿಲ್ಲ.

ಯಾಕಿರಲಿಲ್ಲ ಅಂತ ಹುಡುಕುತ್ತಾ ಹೋದಾಗ ಸಿಕ್ಕ ಕಥೆ ನಮ್ಮ ಮನೆಯದು ಮಾತ್ರ ಆಗಿರಲಿಲ್ಲ. ಅದು ಪ್ಯಾರಿಸ್‌ನಲ್ಲಿ ಶುರುವಾಗಿ ಬೆಂಗಳೂರಿನ ನಿಮ್ಹಾನ್ಸ್ ಮೂಲಕ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಯ ಕೆಂಪು ರಸ್ತೆಗಳವರೆಗೆ ಬರುವ ಕಥೆ.

ಹುಚ್ಚಿಗೂ ಹೊಟ್ಟೆಗೂ ನಂಟು ಕಟ್ಟಿದ್ದು ಹಳೇ ಕಾಲದ ವೈದ್ಯರೇ. ಚರಕ ಸಂಹಿತೆಯಲ್ಲಿ ಉನ್ಮಾದಕ್ಕೆ ಹೇಳಿದ ಚಿಕಿತ್ಸೆಗಳಲ್ಲಿ ವಮನ, ವಿರೇಚನ ಎರಡೂ ಇವೆ. ಅಂದ್ರೆ ವಾಂತಿ ಮಾಡಿಸು, ಬೇಧಿ ಮಾಡಿಸು, ಒಳಗಿನ ದೋಷ ಹೊರಗೆ ಹಾಕು. ಗ್ರೀಕರೂ ಹೆಲ್ಲೆಬೋರ್ ಬೇರು ತಿನ್ನಿಸಿ ಮಾಡುತ್ತಿದ್ದದ್ದು ಅದನ್ನೇ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಈ ನಂಬಿಕೆ ಒಂದು ಭಯಂಕರ ತುದಿ ಮುಟ್ಟಿತು. ಅಮೆರಿಕದ ನ್ಯೂಜೆರ್ಸಿಯ ಟ್ರೆಂಟನ್ ಆಸ್ಪತ್ರೆಗೆ 1907ರಲ್ಲಿ ಮುಖ್ಯಸ್ಥನಾದ ಹೆನ್ರಿ ಕಾಟನ್ ಎಂಬ ವೈದ್ಯ, ಹುಚ್ಚಿಗೆ ಕಾರಣ ದೇಹದೊಳಗೆ ಅವಿತ ಸೋಂಕು ಎಂದು ನಂಬಿ ರೋಗಿಗಳ ಹಲ್ಲು ಕಿತ್ತ, ಟಾನ್ಸಿಲ್ ತೆಗೆದ, ಕೊನೆಗೆ ದೊಡ್ಡಕರುಳನ್ನೇ ಕತ್ತರಿಸಿದ. ಕರುಳಿನ ಆಪರೇಶನ್ ಆದವರಲ್ಲಿ ನೂರಕ್ಕೆ ಮೂವತ್ತರ ಆಸುಪಾಸು ಜನ ಸತ್ತರು. ಯಾರ ಹುಚ್ಚೂ ಅದರಿಂದ ವಾಸಿಯಾಗಲಿಲ್ಲ.

ಅದೇ ಕಾಲದ ಹುಚ್ಚಾಸ್ಪತ್ರೆಗಳಲ್ಲಿ ಕರುಳಿನ ಉರಿಯೂತ ನಿಜವಾಗಿಯೂ ಕೊಲ್ಲುತ್ತಿತ್ತು. ಅದರ ಕಾರಣ ಬೇರೆ. ಕಿಕ್ಕಿರಿದ ವಾರ್ಡು, ಕೊಳಕು ನೀರು, ಹಂಚಿಕೊಂಡ ಪಾತ್ರೆ. ಲಂಡನ್ನಿನ ಹುಚ್ಚಾಸ್ಪತ್ರೆಗಳಲ್ಲಿ ಇದು ಎಷ್ಟು ಸಾಮಾನ್ಯವಾಗಿತ್ತೆಂದರೆ 1900ರಲ್ಲಿ ಮಾಟ್ ಮತ್ತು ಡರ್ಹಮ್ ಎಂಬ ಇಬ್ಬರು ವೈದ್ಯರು ಅದರ ಮೇಲೆ ಒಂದು ವರದಿಯನ್ನೇ ಬರೆದರು. ಅದರಲ್ಲಿ ಈ ಕಾಯಿಲೆಗಿದ್ದ ಇನ್ನೊಂದು ಹೆಸರು 'ಹುಚ್ಚಾಸ್ಪತ್ರೆಯ ಆಮಶಂಕೆ'. ನಮ್ಮ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಆಗ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಪ್ರಾಂತ್ಯದ ದೊಡ್ಡ ಹುಚ್ಚಾಸ್ಪತ್ರೆ ಇದ್ದದ್ದು ಮದ್ರಾಸಿನ ಕಿಲ್ಪಾಕ್‌ನಲ್ಲಿ, 1871ರಿಂದ. ಹಡಗಲಿಯಿಂದ ಮದ್ರಾಸು ಎಷ್ಟು ದೂರ ಅಂತ ನೀವೇ ಯೋಚಿಸಿ. ಊರಲ್ಲೇ ಉಳಿದವರಿಗೆ ಗುಡಿ ಇತ್ತು, ಕಂಬ ಇತ್ತು, ಸರಪಳಿ ಇತ್ತು.

1953ರ ಅಕ್ಟೋಬರ್ 1ಕ್ಕೆ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. 1954ರಲ್ಲಿ ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಜೊತೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. ಮುಂದೆ 1974ರಲ್ಲಿ ನಿಮ್ಹಾನ್ಸ್ ಆದದ್ದು ಇದೇ. ಈ ಎರಡು ತಾರೀಖುಗಳ ಆಸುಪಾಸಿನಲ್ಲೇ ಜಗತ್ತಿನ ಹುಚ್ಚಾಸ್ಪತ್ರೆಗಳ ಬಾಗಿಲು ತೆಗೆದ ಎರಡು ಮದ್ದು ಬಂದವು.

ಒಂದು ನಮ್ಮದೇ. ಸರ್ಪಗಂಧದ ಬೇರು. ಇದು ಉನ್ಮಾದಕ್ಕೂ ರಕ್ತದೊತ್ತಡಕ್ಕೂ ಆಗುತ್ತದೆ ಅಂತ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ 1931ರಲ್ಲೇ ಬರೆದಿದ್ದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯವರು ಅದರಿಂದ ರೆಸರ್ಪಿನ್ ಬೇರ್ಪಡಿಸಿದರು. ಇನ್ನೊಂದು ಕ್ಲೋರ್‌ಪ್ರೊಮಜಿನ್. ಅದೇ 1952ರಲ್ಲಿ ಪ್ಯಾರಿಸ್ಸಿನ ಸೇಂಟ್ ಆ್ಯನ್ ಆಸ್ಪತ್ರೆಯಲ್ಲಿ ಜಾನ್ ಡಿಲೇ ಮತ್ತು ಪಿಯರ್ ಡೆನಿಕರ್ ಅದನ್ನು ಕೊಟ್ಟು ನೋಡಿದರು. ವರ್ಷಗಟ್ಟಲೆ ಕೂಗಾಡುತ್ತಿದ್ದವರು ಕೂತು ಮಾತಾಡಿದರು.

ಈ ಎರಡೂ ಮದ್ದು ತಲೆಗೆ ಅಂತ ಕೊಟ್ಟದ್ದು. ಎರಡೂ ಹೊಟ್ಟೆಯನ್ನು ಮುಟ್ಟಿದವು, ಅದೂ ತದ್ವಿರುದ್ಧ ದಿಕ್ಕಿನಲ್ಲಿ. ರೆಸರ್ಪಿನ್ ಹೊಟ್ಟೆ ಸಡಿಲಿಸುತ್ತಿತ್ತು. ಬೇಧಿ, ಕೆಲವರಿಗೆ ಹೊಟ್ಟೆಯ ಹುಣ್ಣು. ಕ್ಲೋರ್‌ಪ್ರೊಮಜಿನ್ ಹೊಟ್ಟೆ ಕಟ್ಟುತ್ತಿತ್ತು. ಇದು ದೇಹದ ಹಲವು ಕಡೆ ಕೆಲಸ ಮಾಡುತ್ತದೆ ಎಂಬ ಅರ್ಥದಲ್ಲೇ ಯುರೋಪಿನಲ್ಲಿ ಅದಕ್ಕೆ ಲಾರ್ಗ್ಯಾಕ್ಟಿಲ್ ಎಂಬ ಹೆಸರು ಬಂತು. 'ವಿಶಾಲ ಕೆಲಸ' ಅಂತ. ಆ ವಿಶಾಲದೊಳಗೆ ಕರುಳೂ ಇತ್ತು. ರೆಸರ್ಪಿನ್ ಬೇಗ ಹಿಂದೆ ಸರಿಯಿತು, ಕ್ಲೋರ್‌ಪ್ರೊಮಜಿನ್ ಉಳಿಯಿತು. ಅಂದ್ರೆ ಮನೋವೈದ್ಯಕೀಯದ ಮುಂದಿನ ಹಾದಿ ಹೊಟ್ಟೆ ಕಟ್ಟುವ ಮದ್ದಿನದಾಯ್ತು.

ಕಟ್ಟೋದು ಅಂದ್ರೆ ಏನು? ನಾವು ತಿಂದ ರೊಟ್ಟಿಯನ್ನು ಕರುಳು ಮುಂದಕ್ಕೆ ದೂಡುವುದು ಅಲೆಯ ಹಾಗೆ ಹಿಂಡಿ ಹಿಂಡಿ. ಆ ಹಿಂಡುವಿಕೆಗೆ ಅಪ್ಪಣೆ ಕೊಡುವ ಮುಖ್ಯ ರಾಸಾಯನಿಕ ಅಸಿಟೈಲ್‌ಕೋಲಿನ್. ಕೆಲವು ಆ್ಯಂಟಿಸೈಕೋಟಿಕ್ ಮದ್ದುಗಳು ಈ ಅಪ್ಪಣೆ ಕರುಳಿನ ಸ್ನಾಯುವಿಗೆ ತಲುಪದಂತೆ ಅಡ್ಡ ನಿಲ್ಲುತ್ತವೆ. ಅಲೆ ನಿಧಾನವಾಗುತ್ತದೆ. ಮಲ ನಿಂತಷ್ಟೂ ನೀರು ಹೀರಿಹೋಗಿ ಗಟ್ಟಿಯಾಗುತ್ತದೆ. ಬಹುಪಾಲು ಜನರಿಗೆ ಅಷ್ಟಕ್ಕೇ ಮುಗಿಯಿತು, ಕಿರಿಕಿರಿ ಅಷ್ಟೇ. ಕೆಲವರಿಗೆ ಮಾತ್ರ ಕರುಳು ಉಬ್ಬುತ್ತಾ ಹೋಗುತ್ತದೆ. ಉಬ್ಬಿದ ಗೋಡೆ ಬಿಗಿದು, ಅದರೊಳಗಿನ ರಕ್ತನಾಳಗಳಿಗೆ ರಕ್ತ ಸಾಲದಾಗುತ್ತದೆ. ರಕ್ತ ಸಿಗದ ಜಾಗದಲ್ಲಿ ಉರಿಯೂತ. ಕರುಳಲ್ಲಿ ಸುಮ್ಮನಿದ್ದ ಬ್ಯಾಕ್ಟೀರಿಯಾ ಆ ಗೋಡೆಯೊಳಕ್ಕೆ ನುಗ್ಗುತ್ತವೆ. ಗೋಡೆ ಸತ್ತು ತೂತಾದರೆ ವಿಷ ಹೊಟ್ಟೆಯ ತುಂಬ, ರಕ್ತದ ತುಂಬ. ಮೊದಲ ಉಬ್ಬರದಿಂದ ಇಲ್ಲಿಯವರೆಗೆ ಕೆಲವೊಮ್ಮೆ ದಿನಗಳೂ ಬೇಕಿಲ್ಲ, ಗಂಟೆಗಳು ಸಾಕು.

ಈಗ ಬಳ್ಳಾರಿಗೆ ಬರೋಣ. ಇಲ್ಲಿ ನಮ್ಮ ಜಿಲ್ಲೆ ಜಗತ್ತಿನ ಇತಿಹಾಸದೊಳಕ್ಕೆ ಕಾಲಿಡುತ್ತದೆ. ದೊಡ್ಡ ಮಾತಲ್ಲ, ನಿಜ.

1970ರ ದಶಕದಲ್ಲಿ ನಿಮ್ಹಾನ್ಸ್‌ನವರು ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಒಂದು ಪ್ರಯೋಗ ಶುರು ಮಾಡಿದರು. ಅದೇ ಹೊತ್ತಿಗೆ ಚಂಡೀಗಢದವರು ಹರಿಯಾಣದ ರಾಯ್‌ಪುರ್ ರಾಣಿಯಲ್ಲಿ. ಇಬ್ಬರ ಪ್ರಶ್ನೆಯೂ ಒಂದೇ: ಮನೋವೈದ್ಯರೇ ಇಲ್ಲದ ಹಳ್ಳಿಯಲ್ಲಿ, ಇರುವ ಸಾಮಾನ್ಯ ಡಾಕ್ಟರು ಮತ್ತು ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರೆ ಮಾನಸಿಕ ರೋಗಕ್ಕೆ ಚಿಕಿತ್ಸೆ ಆಗುತ್ತಾ? ಆಗುತ್ತೆ ಅನ್ನಿಸಿತು. 1982ರಲ್ಲಿ ದೇಶದ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಇದನ್ನು ಒಂದಿಡೀ ಜಿಲ್ಲೆಯಲ್ಲಿ ಮಾಡಿ ನೋಡಲು ನಿಮ್ಹಾನ್ಸ್ ಆರಿಸಿಕೊಂಡದ್ದು ಬಳ್ಳಾರಿ. 1985ರಿಂದ 1990. ಸುಮಾರು 20 ಲಕ್ಷ ಜನಸಂಖ್ಯೆ.

ಆಗ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಲ್ಲ ಬಳ್ಳಾರಿ ಜಿಲ್ಲೆಯ ತಾಲ್ಲೂಕುಗಳು. ಕೊಟ್ಟೂರು ಕೂಡ್ಲಿಗಿ ತಾಲ್ಲೂಕಿನ ಊರು. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಗಿ, ಮತ್ತೆ ಬಳ್ಳಾರಿಗೆ ಮರಳಿ, 2021ರಲ್ಲಿ ಉಳಿದವುಗಳ ಜೊತೆ ವಿಜಯನಗರ ಜಿಲ್ಲೆಗೆ ಸೇರಿದ್ದು ಆಮೇಲಿನ ಮಾತು. ಜಿಲ್ಲೆಯ ಹೆಸರು ಬದಲಾದರೂ ಜನ ಅವರೇ, ಬಿಸಿಲು ಅದೇ.

ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ ತರಬೇತಿ, ಮನೆಮನೆಗೆ ಹೋಗುವ ಕಾರ್ಯಕರ್ತರಿಗೆ ತರಬೇತಿ, ಮೇಲೆ ನೋಡಿಕೊಳ್ಳಲು ಜಿಲ್ಲಾ ಮಟ್ಟದಲ್ಲಿ ಮನೋವೈದ್ಯರ ತಂಡ, ಸರಳವಾದ ದಾಖಲೆ, ಮತ್ತು ಬೆರಳೆಣಿಕೆಯ ಅಗ್ಗದ ಮದ್ದು. ಇಷ್ಟೇ ಬಳ್ಳಾರಿ ಮಾದರಿ. ಕಂಬಕ್ಕೆ ಕಟ್ಟಿಹಾಕಿದ್ದ ಮಗನಿಗೆ ಬಸ್ಸಿನ ದಾರಿಯಲ್ಲೇ ಮದ್ದು ಸಿಗೋದು ಅಂದ್ರೆ ಏನು ಅಂತ, ಬೆಂಗಳೂರಲ್ಲಿ ಆ್ಯಪ್ ಒತ್ತಿ ಥೆರಪಿಸ್ಟ್ ಬುಕ್ ಮಾಡುವ ನಮಗೆ ಅಂದಾಜು ಸಿಗೋದು ಕಷ್ಟ. ಈ ಮಾದರಿಯನ್ನೇ ಇಟ್ಟುಕೊಂಡು ಭಾರತ ಸರ್ಕಾರ 1996ರಲ್ಲಿ 4 ಜಿಲ್ಲೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಮಾಡಿತು. ಇವತ್ತು ದೇಶದ ತುಂಬ ಇರುವುದಕ್ಕೆ ಬೀಜ ಬಿದ್ದದ್ದು ಬಳ್ಳಾರಿಯ ಎರೆ ನೆಲದಲ್ಲಿ.

ಆದರೆ ಆ ಬೆರಳೆಣಿಕೆಯ ಮದ್ದಿನ ಪಟ್ಟಿಯನ್ನು ಹೊಟ್ಟೆಯ ಕಣ್ಣಿಂದ ಒಮ್ಮೆ ನೋಡಿ. ಕ್ಲೋರ್‌ಪ್ರೊಮಜಿನ್: ಕರುಳು ನಿಧಾನ. ಅದರಿಂದ ಕೈ ನಡುಗಿದರೆ, ಮೈ ಸೆಟೆದರೆ ಜೊತೆಗೆ ಕೊಡುವ ಟ್ರೈಹೆಕ್ಸಿಫೆನಿಡಿಲ್: ಅಸಿಟೈಲ್‌ಕೋಲಿನ್ ತಡೆಯುವುದೇ ಅದರ ಕೆಲಸ, ಹಾಗಾಗಿ ಕರುಳು ಇನ್ನೂ ನಿಧಾನ. ಖಿನ್ನತೆಗೆ ಕೊಡುವ ಹಳೇ ಗುಳಿಗೆಗಳಾದ ಇಮಿಪ್ರಮಿನ್, ಅಮಿಟ್ರಿಪ್ಟಿಲಿನ್: ಅವೂ ಅದೇ ಗುಣದವು. ಒಬ್ಬನೇ ರೋಗಿಗೆ ಇವುಗಳಲ್ಲಿ ಎರಡು ಸೇರಿದರೆ ಕರುಳಿಗೆ ಎರಡು ಬೇಡಿ.

ಇದರ ಮೇಲೆ ನಮ್ಮ ಸೀಮೆಯ ಬದುಕು. ಏಪ್ರಿಲ್ ತಿಂಗಳ ಕೂಡ್ಲಿಗಿಯ ಬಿಸಿಲು, ಹೊಲದಲ್ಲಿ ಸುರಿಯುವ ಬೆವರು, ದೂರದಿಂದ ಹೊತ್ತು ತಂದ ಕೊಡದಲ್ಲಿ ಲೆಕ್ಕದ ನೀರು. ಮನೆಯಲ್ಲಿ ಪಾಯಖಾನೆ ಇಲ್ಲದ ಕಾಲ. ಹೆಂಗಸರು ಚೊಂಬು ಹಿಡಿದು ಹೊರಡಬೇಕಿದ್ದದ್ದು ನಸುಕಲ್ಲಿ, ಇಲ್ಲಾ ಕತ್ತಲಾದ ಮೇಲೆ. ನಡುವೆ ಬಂದರೆ ತಡೆದುಕೊಳ್ಳಬೇಕು. ತಡೆಯಬಾರದು ಅಂತ ಕಡಿಮೆ ನೀರು ಕುಡಿಯಬೇಕು. ಗುಳಿಗೆ ನುಂಗುವ ಹೆಣ್ಣುಮಗಳೊಬ್ಬಳ ಕರುಳಿನ ಮೇಲೆ ಇವೆಲ್ಲ ಒಟ್ಟಿಗೆ ಬೀಳುತ್ತಿದ್ದವು. ಅವಳು ಅದನ್ನು ಯಾರಿಗೆ ಹೇಳಬೇಕು? ಬಾಗಿಲಿಗೆ ಬಂದ ಗಂಡು ಕಾರ್ಯಕರ್ತನಿಗಾ?

ಬಳ್ಳಾರಿಯ ತಂಡವನ್ನು ದೂರೋಕೆ ಇದನ್ನು ಹೇಳ್ತಿಲ್ಲ. ಚಿಕಿತ್ಸೆಯೇ ಇಲ್ಲದ ಕಡೆ ಮೊದಲ ಪ್ರಶ್ನೆ "ಗುಳಿಗೆ ತಲುಪಿತಾ, ತಗೊಂಡರಾ" ಅನ್ನೋದೇ ಆಗಿರುತ್ತೆ. ಆಗಿರಲೂ ಬೇಕು. ನಮ್ಮಜ್ಜಿಯ ಕ್ಯಾಲೆಂಡರ್ ಕೂಡ ಆ ಪ್ರಶ್ನೆಯ ಮಗುವೇ. ತೊಂದರೆ ಆದದ್ದು ಮೊದಲ ಪ್ರಶ್ನೆಯೇ ಕೊನೆಯ ಪ್ರಶ್ನೆಯೂ ಆಗಿ ಉಳಿದದ್ದು. ಅದು ನಮ್ಮೂರಲ್ಲಿ ಮಾತ್ರ ಆದದ್ದಲ್ಲ, ಜಗತ್ತಿನ ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲೂ ಆಯ್ತು. ಅದಕ್ಕೆ ಕ್ಲೋಜಪಿನ್ ಕಥೆಗಿಂತ ದೊಡ್ಡ ಸಾಕ್ಷಿ ಬೇಡ.

ಕ್ಲೋಜಪಿನ್ ತಯಾರಾದದ್ದು 1958ರಲ್ಲಿ, ಸ್ವಿಟ್ಜರ್ಲೆಂಡಿನಲ್ಲಿ. ಬೇರೆ ಯಾವ ಮದ್ದಿಗೂ ಬಗ್ಗದ ಸ್ಕಿಜೋಫ್ರೇನಿಯಾಕ್ಕೆ ಇದು ಬಗ್ಗುತ್ತೆ. 1975ರಲ್ಲಿ ಫಿನ್ಲೆಂಡಿನಲ್ಲಿ ಇದನ್ನು ತಗೊಂಡ ಕೆಲವರ ಬಿಳಿ ರಕ್ತಕಣ ಕುಸಿದು ಸಾವಾದವು. ಹಲವು ದೇಶಗಳಲ್ಲಿ ಮದ್ದು ಹಿಂದೆ ಸರಿಯಿತು. 1988ರ ಒಂದು ದೊಡ್ಡ ಅಧ್ಯಯನ ಇದರ ಶಕ್ತಿಯನ್ನು ಮತ್ತೆ ತೋರಿಸಿತು. 1989ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು, ರಕ್ತಪರೀಕ್ಷೆ ತಪ್ಪದೆ ಮಾಡಬೇಕೆಂಬ ಕಟ್ಟಪ್ಪಣೆಯ ಜೊತೆ. ಆ ಕಟ್ಟಪ್ಪಣೆ ಎಷ್ಟೋ ಜೀವ ಉಳಿಸಿತು. ಎಲ್ಲರ ಕಣ್ಣೂ ರಕ್ತದ ಮೇಲೆ ನೆಟ್ಟಿತು. ಕರುಳಿನ ಮೇಲೆ ಯಾರೂ ಕಣ್ಣಿಡಲಿಲ್ಲ.

2008ರಲ್ಲಿ ನ್ಯೂಜಿಲೆಂಡ್ ಕಡೆಯ ವೈದ್ಯರ ಒಂದು ತಂಡ ಕ್ಲೋಜಪಿನ್‌ನಿಂದ ಕರುಳು ಜೀವಕ್ಕೆ ಕುತ್ತು ತಂದ 102 ಪ್ರಕರಣಗಳನ್ನು ಒಟ್ಟು ಮಾಡಿತು. ಸತ್ತವರು 27.5 ಶೇಕಡಾ. 2016ರಲ್ಲಿ ನ್ಯೂಜಿಲೆಂಡಿನ ಮನೋವೈದ್ಯೆ ಸುಸಾನಾ ಎವರಿ-ಪಾಮರ್ ಮತ್ತು ಜೊತೆಗಾರರು ದೊಡ್ಡಕರುಳು ದಾಟಲು ಎಷ್ಟು ಹೊತ್ತು ಬೇಕು ಅಂತ ಅಳೆದರು. ಕ್ಲೋಜಪಿನ್ ಇಲ್ಲದ ರೋಗಿಗಳಲ್ಲಿ ಮಧ್ಯಮಾಂಕ 23 ಗಂಟೆ. ಕ್ಲೋಜಪಿನ್ ತಗೊಳ್ಳುವವರಲ್ಲಿ 104.5 ಗಂಟೆ. ಒಂದು ದಿನದ ದಾರಿಗೆ ನಾಲ್ಕು ದಿನಕ್ಕೂ ಹೆಚ್ಚು. 2020ರ ಜನವರಿಯಲ್ಲಿ ಅಮೆರಿಕದ ಔಷಧ ನಿಯಂತ್ರಕರು ಕ್ಲೋಜಪಿನ್‌ನ ಮಲಬದ್ಧತೆಯನ್ನು ಕಡೆಗಣಿಸಿದರೆ ಸಾವೂ ಬರಬಹುದು ಅಂತ ಎಚ್ಚರಿಕೆಯನ್ನು ಇನ್ನಷ್ಟು ಬಿಗಿ ಮಾಡಿದರು. ಅಮೆರಿಕದ ಒಪ್ಪಿಗೆ ಸಿಕ್ಕು ಆಗಲೇ 30 ವರ್ಷ ಕಳೆದಿತ್ತು.

ಇಷ್ಟು ತಡ ಯಾಕೆ? ಒಂದು, ಮಲದ ಮಾತು ಮರ್ಯಾದೆಯ ಮಾತಲ್ಲ. ಹಳ್ಳಿಯಲ್ಲೂ ಅಲ್ಲ, ಹೈಟೆಕ್ ಆಸ್ಪತ್ರೆಯಲ್ಲೂ ಅಲ್ಲ. ಎರಡು, ಸ್ಕಿಜೋಫ್ರೇನಿಯಾ ಇರುವ ಎಷ್ಟೋ ಜನ ನೋವನ್ನು ನಮ್ಮ ಹಾಗೆ ಹೇಳಿಕೊಳ್ಳಲ್ಲ. ಹೇಳಿದರೂ ಬೇರೆ ರೀತಿ ಹೇಳುತ್ತಾರೆ. ಮಾವ ಆ ಬೇಸಿಗೆಯಲ್ಲಿ ಅಂದಿದ್ದು "ಹೊಟ್ಯಾಗ ಕಲ್ಲು ಇಟ್ಟಾರ" ಅಂತ. ಮನೆಯವರು ಹಳೇ ಕಾಯಿಲೆ ಮರಳಿತು ಅಂದುಕೊಂಡರು. ತಲೆ ಸರಿಯಿಲ್ಲದವನ ಹೊಟ್ಟೆನೋವನ್ನು ಯಾರು ನಂಬ್ತಾರೆ, ಹೇಳಿ. ಅವನು ಹೇಳಿದ್ದು ಅಕ್ಷರಶಃ ನಿಜ ಇತ್ತು.

ಹಾಗಾಗಿ "ಮಲಬದ್ಧತೆ ಇದೆಯಾ?" ಅಂತ ಕೇಳಿದರೆ ಸಾಲದು. ಇಲ್ಲ ಅಂತಲೇ ಉತ್ತರ ಬರುತ್ತೆ. "ಕೊನೇ ಸಲ ಯಾವತ್ತು ಹೋದೆ?" ಅಂತ ದಿನ ಕೇಳಬೇಕು. ಎರಡು ಮೂರು ದಿನ ಹೋಗಿಲ್ಲ ಅಂದರೆ ಡಾಕ್ಟರಿಗೆ ತಿಳಿಸಬೇಕು. ಹೊಟ್ಟೆ ಉಬ್ಬಿ ಬಿಗಿಯಾದರೆ, ವಾಂತಿಯಾದರೆ, ಗಾಳಿಯೂ ಹೋಗದಿದ್ದರೆ, ಮಲದಲ್ಲಿ ರಕ್ತ ಕಂಡರೆ ಬೆಳಗಾಗೋದನ್ನ ಕಾಯಬಾರದು. ಇನ್ನೊಂದು ಮೋಸ ಇದೆ: ಗಟ್ಟಿ ಮಲದ ಸುತ್ತಿನಿಂದ ನೀರು ಜಾರಿ ಬೇಧಿಯ ಹಾಗೆ ಕಾಣಬಹುದು. ಅದನ್ನು ಬೇಧಿ ಅಂದುಕೊಂಡು ಕಟ್ಟುವ ಗುಳಿಗೆ ಕೊಟ್ಟರೆ ಅನಾಹುತ.

ಪರಿಹಾರ ದುಬಾರಿಯೇನಲ್ಲ ಅನ್ನೋದು ಈ ಕಥೆಯ ಸಿಟ್ಟು ಬರಿಸುವ ಭಾಗ. ಅದೇ ನ್ಯೂಜಿಲೆಂಡ್ ತಂಡ ಕ್ಲೋಜಪಿನ್ ತಗೊಳ್ಳುವವರಿಗೆ ಹಂತಹಂತವಾಗಿ ವಿರೇಚಕ ಕೊಟ್ಟು ಮತ್ತೆ ಅಳೆಯಿತು. 110 ಗಂಟೆ ಇದ್ದದ್ದು 62ಕ್ಕೆ ಇಳಿಯಿತು. ಮೊದಲ ಹಂತದ ಮದ್ದಲ್ಲಿ ಒಂದು ಸೆನ್ನಾ. ನಮ್ಮ ಗ್ರಂಧಿಗೆ ಅಂಗಡಿಯ ಸೋನಾಮುಖಿ! ಚರಕನ ವಿರೇಚನ ಬೇರೆ ಬಾಗಿಲಿಂದ ಒಳಗೆ ಬಂದ ಹಾಗಾಯ್ತು. ಈ ಸಲ ಹುಚ್ಚು ಬಿಡಿಸೋಕಲ್ಲ, ಹುಚ್ಚು ಬಿಡಿಸುವ ಮದ್ದಿನಿಂದ ಕರುಳು ಉಳಿಸೋಕೆ. ಹಾಗಂತ ಅಂಗಡಿಗೆ ಓಡಬೇಡಿ. ಯಾವುದು, ಎಷ್ಟು ಅನ್ನೋದು ಡಾಕ್ಟರ ಮಾತು. ನಾವು ಸುಲಭವಾಗಿ ಕೊಡುವ ಇಸಬ್ಗೋಲ್ ಈ ಬಗೆಯ ನಿಧಾನ ಕರುಳಿಗೆ ತಕ್ಕದ್ದಲ್ಲ. ನಡೆಯದ ಗಾಡಿಗೆ ಇನ್ನಷ್ಟು ಹೊರೆ ಹೇರಿದ ಹಾಗಾಗುತ್ತೆ.

ಅದಕ್ಕಿಂತ ಮುಖ್ಯ: ಇದನ್ನು ಓದಿ ಯಾರದೇ ಗುಳಿಗೆ ನಿಲ್ಲಿಸಬೇಡಿ. ಆತ್ಮಹತ್ಯೆಯ ಅಪಾಯ ತಗ್ಗಿಸಲೆಂದೇ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಮದ್ದು ಕ್ಲೋಜಪಿನ್. ಇದು ಉಳಿಸಿದ ಜೀವಗಳು ಬಹಳ. ಮಾವನೂ ಈಗ ಗುಳಿಗೆ ತಗೊಳ್ತಾನೆ. ಮದ್ದು ಬದಲಾಗಿದೆ, ಪ್ರಮಾಣ ಬದಲಾಗಿದೆ, ಜೊತೆಗೊಂದು ಹೊಟ್ಟೆಯ ಮದ್ದು ಸೇರಿದೆ. ಕೊಡುವ ಮದ್ದಿನ ಅಡ್ಡಪರಿಣಾಮ ಏನು ಅಂತ ತಿಳಿಯುವುದು 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ರೋಗಿಯ ಹಕ್ಕು. ಡಾಕ್ಟರ ಮುಂದೆ ಕೂತು ಕೇಳೋದು ಅಧಿಕಪ್ರಸಂಗ ಅಲ್ಲ. ಮನೆಯಿಂದಲೇ ಮಾತಾಡಬೇಕು ಅಂದರೆ ಟೆಲಿ ಮಾನಸ್ 14416, ಕನ್ನಡದಲ್ಲೇ ಉತ್ತರಿಸುತ್ತಾರೆ.

1985ರಲ್ಲಿ ಬಳ್ಳಾರಿ ಜಗತ್ತಿಗೆ ತೋರಿಸಿದ್ದು ಒಂದು ಸರಳ ಸಂಗತಿ. ಮನೋವೈದ್ಯರೇ ಆಗಬೇಕಿಲ್ಲ, ಸರಿಯಾದ ಪ್ರಶ್ನೆ ಕಲಿತ ಒಬ್ಬರು ಹೊಸ್ತಿಲಲ್ಲಿ ನಿಂತರೆ ಅರ್ಧ ಕೆಲಸ ಆಯ್ತು. ಪ್ರಶ್ನೆಯ ಪಟ್ಟಿಗೆ ಇನ್ನೊಂದು ಸಾಲು ಸೇರಿಸೋಕೆ ಹೊಸ ಕಟ್ಟಡ ಬೇಡ, ಹೊಸ ಯಂತ್ರ ಬೇಡ. ಆಶಾ ಅಕ್ಕ ಕೇಳಬಹುದು, ತಂಗಿ ಕೇಳಬಹುದು, ಬೆಂಗಳೂರಿನಿಂದ ಭಾನುವಾರ ಫೋನ್ ಮಾಡುವ ಅಳಿಯ ಕೇಳಬಹುದು.

ಮೊನ್ನೆ ಊರಿಗೆ ಹೋದಾಗ ನೋಡಿದೆ. ಅಜ್ಜಿ ಇಲ್ಲ ಈಗ, ಕ್ಯಾಲೆಂಡರ್ ಇದೆ. ಒಂದೊಂದು ತಾರೀಖಿಗೂ ನೀಲಿ ಗೀಟು, ಅದರ ಪಕ್ಕ ಕೆಂಪು ಗೀಟು. ನೀಲಿ ಗುಳಿಗೆಗೆ. ಕೆಂಪು ಯಾವುದಕ್ಕೆ ಅಂತ ಮನೆಗೆ ಬಂದ ನೆಂಟರಿಗೆ ಮಾವನೇ ನಾಚಿಕೆ ಇಲ್ಲದೆ ಹೇಳ್ತಾನೆ. ಹಿಂದಿನ ವಾರ ಎರಡು ದಿನ ಕೆಂಪು ಗೀಟು ಇರಲಿಲ್ಲ. ಮೂರನೇ ದಿನ ಬೆಳಿಗ್ಗೆಯೇ ಅವನು ಬಸ್ ಹತ್ತಿ ಆಸ್ಪತ್ರೆಗೆ ಹೋಗಿ ಬಂದಿದ್ದ, ಒಬ್ಬನೇ.